ಮಳೆಗಾಲದಲ್ಲಿ ಕಚ್ಚಿಕೊಳ್ಳದ ಕಿಟಕಿ ಬಾಗಿಲು: ಅಳತೆ ಹೀಗೆ ತೆಗೆಯಿರಿ

[ದೃಶ್ಯ: ಹಳೇ ಮರದ ಕಿಟಕಿ. ಎರಡೂ ಕೈಯಿಂದ ತಳ್ಳಿದರೂ ತೆರೆಯುತ್ತಿಲ್ಲ.]

ನಮಸ್ಕಾರ. ಇದು ಕೊಡಗಿನ ನಾಪೋಕ್ಲು ಕಡೆಯ ನಮ್ಮ ಮನೆ. ಈ ಶಟರ್, ಅಂದರೆ ಕಿಟಕಿಯ ಬಾಗಿಲು, ಹಾಕಿಸಿದ್ದು ಏಪ್ರಿಲ್‌ನಲ್ಲಿ. ಸಂದು ಬೇಡ, ಗಾಳಿ ಬರಬಾರದು ಅಂತ ಬಡಗಿಗೆ ಹೇಳಿದ್ದು ನಾನೇ. ಆಗ ಸಲೀಸಾಗಿ ಮುಚ್ಚುತ್ತಿತ್ತು. ಜುಲೈ ನಡುವಿಗೆ, ಜೋರು ಮಳೆಯ ಕಕ್ಕಡ ತಿಂಗಳು ಬರುವ ಹೊತ್ತಿಗೆ ಉಬ್ಬಿ ಕಚ್ಚಿಕೊಂಡಿತು. ಅಡುಗೆಮನೆಯ ಹೊಗೆಯಲ್ಲಿ ಅಮ್ಮ ಕೆಮ್ಮುತ್ತಾ ನಿಂತಿದ್ದು ಇನ್ನೂ ಕಣ್ಣ ಮುಂದಿದೆ.

ಮರ ತೇವ ಹೀರಿದಾಗ ಉದ್ದಕ್ಕೆ ಬೆಳೆಯುವುದು ಇಲ್ಲವೆನ್ನುವಷ್ಟು ಕಡಿಮೆ. ಅಡ್ಡಕ್ಕೇ ಉಬ್ಬುತ್ತದೆ. ತೇಗ ಕಡಿಮೆ ಉಬ್ಬುತ್ತದೆ. ತೋಟದಲ್ಲಿ ಕಡಿದ ಸಿಲ್ವರ್ ಓಕ್ ಸರಿಯಾಗಿ ಒಣಗಿಲ್ಲದಿದ್ದರೆ ತಿರುಚಿಕೊಳ್ಳುವುದೂ ಉಂಟು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗಲ್ಲ, ಇನ್ನು ಮರ ಎಲ್ಲಿ ಒಣಗೀತು, ಅಲ್ವಾ?

[ದೃಶ್ಯ: ಟೇಪಿನ ತುದಿ, ಹತ್ತಿರದಿಂದ.]

ಮೊದಲು ಟೇಪ್. ತುದಿಯ ಕೊಕ್ಕೆ ಸ್ವಲ್ಪ ಅಲ್ಲಾಡುತ್ತದೆ. ಹಾಳಾಗಿದೆ ಅಂತ ಬಡಿದು ಬಿಗಿ ಮಾಡಬೇಡಿ. ಅದು ಅಲ್ಲಾಡುವುದು ತನ್ನ ದಪ್ಪದಷ್ಟೇ. ಒಳ ಅಳತೆಗೆ ಒತ್ತಿ ಹಿಡಿಯಿರಿ, ಹೊರ ಅಳತೆಗೆ ಎಳೆದು ಹಿಡಿಯಿರಿ.

ಈಗ ಚೌಕಟ್ಟು. ಶಟರ್ ಕೂರುವ ಕಚ್ಚು ಇಲ್ಲಿದೆ ನೋಡಿ, ಅರ್ಧ ಇಂಚು ಒಳಗೆ. ಜಾಸ್ತಿ ಜನ ಎಡವುವುದು ಇಲ್ಲೇ. ಕಣ್ಣಿಗೆ ಕಾಣುವ ತೆರಪನ್ನು ಅಳೆದು ಕೊಟ್ಟರೆ ಎರಡೂ ಕಡೆ ಸೇರಿ 1 ಇಂಚು ಕಡಿಮೆಯಾಗುತ್ತದೆ. ಕಚ್ಚಿನ ಗೋಡೆಯಿಂದ ಗೋಡೆಗೇ ಟೇಪ್ ಹಿಡಿಯಬೇಕು.

ಅಗಲ ಮೂರು ಕಡೆ ಅಳೆಯಿರಿ. ನಮ್ಮದು ಮೇಲೆ 36 ಇಂಚು, ನಡುವೆ 35 ಇಂಚು 6 ನೂಲು, ಕೆಳಗೆ 35 ಇಂಚು 5 ನೂಲು. ಇಂಚಿಗೆ 8 ನೂಲು ಅಂತ ಬಡಗಿಗಳ ಲೆಕ್ಕ. ಹಳೇ ಮಣ್ಣಿನ ಗೋಡೆ ಕುಳಿತಾಗ ಚೌಕಟ್ಟೂ ಜೊತೆಗೆ ವಾಲುತ್ತದೆ. ಮೂರರಲ್ಲಿ ಚಿಕ್ಕದನ್ನೇ ಬರೆದುಕೊಳ್ಳಿ. ಎತ್ತರವೂ ಹಾಗೇ.

ಆಮೇಲೆ ಮೂಲೆಯಿಂದ ಮೂಲೆಗೆ, ಎರಡೂ ಓರೆ. ಎರಡೂ ಒಂದೇ ಬಂದರೆ ಮೂಲೆಗಳು ಸರಿ ಇವೆ. ವ್ಯತ್ಯಾಸ 2 ನೂಲು ದಾಟಿದರೆ ಬಡಗಿಯನ್ನು ಕರೆದು ತೋರಿಸಿ, ಸುಮ್ನೆ ಅಳತೆ ಕಳಿಸಬೇಡಿ.

ಇನ್ನು ಸಂದು. ಸುತ್ತ 1 ನೂಲು ಬಿಡುವುದು ವಾಡಿಕೆ. ಬೇಸಿಗೆಯಲ್ಲಿ ಕೂರಿಸುವುದಾದರೆ ಅಗಲದಲ್ಲಿ ಇನ್ನೊಂದು ನೂಲು ಬಿಡಿ. ಪಟ್ಟಿ, ಪ್ಯಾನಲ್ ಇರುವ ಶಟರ್‌ಗೆ ಅಷ್ಟು ಸಾಕು. ಪೂರ್ತಿ ಹಲಗೆ ಜೋಡಿಸಿದ್ದಾದರೆ 2–3 ನೂಲು ಬೇಕು, ಅಲ್ಲಿ ಅಷ್ಟಗಲವೂ ಉಬ್ಬುವ ಮರವೇ. ಮಳೆಗಾಲದಲ್ಲೇ ಕೂರಿಸಿದರೆ ಈ ಹೆಚ್ಚಿನ ಸಂದು ಬೇಡ.

ಜೋಡಿ ಬಾಗಿಲಾದರೆ ನಡುವೆ ಒಂದರ ಮೇಲೊಂದು ಕೂರುವ ಅರ್ಧ ಇಂಚನ್ನು ಒಂದು ಬಾಗಿಲಿಗೆ ಸೇರಿಸಿ. ಇಲ್ಲದಿದ್ದರೆ ಇರಚಲು ನೇರ ಒಳಗೆ.

[ದೃಶ್ಯ: ಶಟರಿನ ಕೆಳ ಅಂಚು. ಬಣ್ಣ ಹಚ್ಚಿಲ್ಲದ ಮರ ಕಪ್ಪಾಗಿದೆ.]

ಈ ಕೆಳ ಅಂಚು ನೋಡಿ, ಬಣ್ಣವೇ ಇಲ್ಲ. ನೀರು ಕುಡಿಯುವುದು ಇಲ್ಲಿಂದಲೇ. ಕೂರಿಸುವ ಮೊದಲೇ ಮೇಲಂಚು, ಕೆಳ ಅಂಚು ಎರಡಕ್ಕೂ ಬಣ್ಣ ಹಚ್ಚಿಸಿ. ಒಮ್ಮೆ ಕೂರಿಸಿದ ಮೇಲೆ ಬ್ರಷ್ ಅಲ್ಲಿಗೆ ಹೋಗಲ್ಲ.

ಬನ್ನಿ, ಈಗ ಅಡುಗೆಮನೆ ಕಿಟಕಿ ಅಳೆಯೋಣ. ಅಮ್ಮ ಚೀಟಿ ಹಿಡಿದು ಕೂತಿದ್ದಾರೆ.