ಸೀರೆಯೂ ಹಸಿರು, ಮ್ಯಾಟೂ ಹಸಿರು

ಎಲ್ಲರಿಗೂ ನಮಸ್ಕಾರ.

"ಎಡಿಟಿಂಗ್‌ನಲ್ಲಿ ಸರಿ ಮಾಡ್ಬಿಡಿ ಸಾರ್." ಜಾಹೀರಾತು ಮಾಡುವವರು ದಿನಾ ಕೇಳುವ ಮಾತಿದು. ಮೈಸೂರಿನ ಸೀರೆ ಅಂಗಡಿಯವರೂ ಹೇಳುತ್ತಾರೆ, ಮಂಡ್ಯದ ಬೆಲ್ಲದ ವ್ಯಾಪಾರಿಗಳೂ ಹೇಳುತ್ತಾರೆ. ನನ್ನ ಅನುಭವದಲ್ಲಿ ವಿಎಫ್‌ಎಕ್ಸ್ (ಕಂಪ್ಯೂಟರಿನಲ್ಲಿ ದೃಶ್ಯ ಜೋಡಿಸಿ ತಿದ್ದುವ) ಕೆಲಸ ಗೆಲ್ಲುವುದೂ ಕೆಡುವುದೂ ಶೂಟಿಂಗ್ ದಿನವೇ. ಕಂಪ್ಯೂಟರ್ ಮುಂದೆ ಕೂರುವ ಹೊತ್ತಿಗೆ ಕಾಲ ಮಿಂಚಿರುತ್ತದೆ.

ಒಂದು ಜಾಹೀರಾತು ತಗೊಳ್ಳೋಣ. ದೀಪ ಹೊತ್ತಿಸಿದ ಮೈಸೂರು ಅರಮನೆ ಮುಂದೆ ರೇಷ್ಮೆ ಸೀರೆ ಉಟ್ಟ ಹುಡುಗಿ ನಿಂತಿರಬೇಕು. ಅರಮನೆಯ ಸುಮಾರು ಒಂದು ಲಕ್ಷ ಬಲ್ಬು ಹೊತ್ತುವುದು ಭಾನುವಾರ, ಸರ್ಕಾರಿ ರಜೆ, ದಸರಾ ಸಂಜೆಗಳಲ್ಲಿ, ಅದೂ ಸ್ವಲ್ಪ ಹೊತ್ತು. ಆಗ ಜನವೋ ಜನ. ಲೈಟು, ಮೇಕಪ್ಪು ಅಂತ ಅಲ್ಲಿ ನಿಲ್ಲಲು ಜಾಗವೆಲ್ಲಿ? ಹಾಗಾಗಿ ಅರಮನೆಯನ್ನು ಬೇರೆಯಾಗಿ ಶೂಟ್ ಮಾಡುತ್ತೇವೆ. ಅದು ನಮ್ಮ 'ಪ್ಲೇಟ್'. ಹುಡುಗಿಯನ್ನು ಸ್ಟುಡಿಯೋದಲ್ಲಿ ಗ್ರೀನ್ ಮ್ಯಾಟ್, ಅಂದರೆ ಆಮೇಲೆ ಕಂಪ್ಯೂಟರಿನಲ್ಲಿ ತೆಗೆದುಹಾಕುವ ಹಸಿರು ಪರದೆಯ ಮುಂದೆ ನಿಲ್ಲಿಸುತ್ತೇವೆ. ಎರಡನ್ನೂ ಒಂದೇ ಜಾಗ, ಒಂದೇ ಹೊತ್ತು ಅನ್ನುವಂತೆ ಸೇರಿಸುವುದೇ ಕಂಪೋಸಿಟಿಂಗ್.

ಇದೇನು ಹೊಸ ವಿದ್ಯೆಯಲ್ಲ. 1898ರಲ್ಲೇ ಫ್ರಾನ್ಸಿನ ಸಿನಿಮಾ ನಿರ್ದೇಶಕ ಜಾರ್ಜ್ ಮೆಲಿಯೆಸ್ ಕಪ್ಪು ಹಿನ್ನೆಲೆ ಇಟ್ಟು, ಅದೇ ಫಿಲ್ಮಿನ ಮೇಲೆ ಮತ್ತೆ ಮತ್ತೆ ಶೂಟ್ ಮಾಡಿ, ತನ್ನ ತಲೆಯನ್ನೇ ತೆಗೆದು ಮೇಜಿನ ಮೇಲೆ ಇಟ್ಟ ಹಾಗೆ ತೋರಿಸಿದ್ದ. ಡಬಲ್ ಆಕ್ಟಿಂಗ್‌ನಲ್ಲಿ ಅಣ್ಣಾವ್ರು ಅಣ್ಣಾವ್ರ ಜೊತೆಗೇ ಮಾತಾಡುವುದನ್ನು ನೋಡಿ ಬೆರಗಾದವರು ಇಲ್ಲೂ ಇರಬಹುದು. ಹಾಗೆ ಮಾಡಲು ಹಿಂದೆ ಲೆನ್ಸಿನ ಅರ್ಧ ಮುಚ್ಚಿ ತೆಗೆದು, ಫಿಲ್ಮ್ ಹಿಂದಕ್ಕೆ ಸುತ್ತಿ, ಇನ್ನರ್ಧ ಮುಚ್ಚಿ ಮತ್ತೆ ತೆಗೆಯುತ್ತಿದ್ದರು. ಮಧ್ಯೆ ಕ್ಯಾಮೆರಾ ಕೂದಲೆಳೆಯಷ್ಟು ಅಲುಗಿದರೂ ಮುಗೀತು.

ಕಂಪ್ಯೂಟರ್ ಕಾಲದಲ್ಲಿ ದಾರಿ ಬದಲಾಯಿತು. ಕೆಂಪು, ಹಸಿರು, ನೀಲಿ ಜೊತೆಗೆ 'ಆಲ್ಫಾ' ಅನ್ನುವ ನಾಲ್ಕನೇ ಚಾನೆಲ್ ಸೇರಿಸಿದವರು ಕಂಪ್ಯೂಟರ್ ಗ್ರಾಫಿಕ್ಸ್ ತಜ್ಞರಾದ ಆಲ್ವಿ ರೇ ಸ್ಮಿತ್ ಮತ್ತು ಎಡ್ ಕ್ಯಾಟ್ಮುಲ್, 1970ರ ದಶಕದ ಕೊನೆಯಲ್ಲಿ. ಒಂದು ಲೇಯರ್ ಮೇಲೆ ಇನ್ನೊಂದನ್ನು ಕೂರಿಸುವ ಲೆಕ್ಕವನ್ನು 1984ರಲ್ಲಿ ಅದೇ ಕ್ಷೇತ್ರದ ಪೋರ್ಟರ್ ಮತ್ತು ಡಫ್ ಬರೆದಿಟ್ಟರು. ಲೆಕ್ಕ ಸುಲಭ. ಮುಖದ ಪಿಕ್ಸೆಲ್‌ಗೆ ಆಲ್ಫಾ 1, ಅಂದರೆ ಪೂರ್ತಿ ಹುಡುಗಿಯೇ. ಹಾರಾಡುವ ಮುಂಗೂದಲಿನ ತುದಿಯಲ್ಲಿ 0.3 ಇದ್ದರೆ, ಅಲ್ಲಿ 30 ಭಾಗ ಕೂದಲು, 70 ಭಾಗ ಹಿಂದಿನ ಅರಮನೆ. ಮ್ಯಾಟಿನ ಹಸಿರನ್ನು ತೆಗೆದು ಈ ಆಲ್ಫಾ ಪಡೆಯುವುದಕ್ಕೆ 'ಕೀ' ಅನ್ನುತ್ತೇವೆ. ಕೆಟ್ಟ ಕೀ ಅಂದರೆ ಈ ನಡುವಿನ ಸಂಖ್ಯೆಗಳೆಲ್ಲ ಹಾಳಾಗಿ ಬರೀ ಸೊನ್ನೆ, ಒಂದು ಉಳಿಯುವುದು. ಕೂದಲು ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ.

ಹಸಿರೇ ಯಾಕೆ? ಚರ್ಮದ ಬಣ್ಣದಿಂದ ಅದು ದೂರ. ಜೊತೆಗೆ ಸಾಮಾನ್ಯ ಡಿಜಿಟಲ್ ಕ್ಯಾಮೆರಾ ಸೆನ್ಸರಿನಲ್ಲಿ ಅರ್ಧದಷ್ಟು ಬಿಂದುಗಳು ಹಸಿರಿಗೇ ಮೀಸಲು, ಹಾಗಾಗಿ ಆ ಚಾನೆಲ್‌ನಲ್ಲಿ ನಾಯ್ಸ್ (ಚಿತ್ರದ ಮೇಲೆ ಕಾಣುವ ಚುಕ್ಕೆಚುಕ್ಕೆ) ಕಡಿಮೆ. ಆದರೆ ನಮ್ಮ ಕಡೆ ಜಾಹೀರಾತಿನಲ್ಲಿ ಹಸಿರಿಲ್ಲದ್ದು ಯಾವುದಿದೆ ಹೇಳಿ? ಬಾಳೆಎಲೆ, ವೀಳ್ಯದೆಲೆ, ಎಳನೀರು, ಕೊನೆಗೆ ಸೀರೆಯ ಅಂಚು. ಹಸಿರು ಅಂಚಿನ ಸೀರೆಯನ್ನು ಗ್ರೀನ್ ಮ್ಯಾಟ್ ಮುಂದೆ ತೆಗೆದರೆ ಅಂಚು ಮಾಯವಾಗಿ ಅಲ್ಲಿ ಅರಮನೆಯ ಬಲ್ಬು ಮಿನುಗುತ್ತದೆ! ಹಿಂದಿನ ದಿನವೇ ಸೀರೆ ತರಿಸಿ ನೋಡಿ, ನೀಲಿ ಮ್ಯಾಟ್ ಕಟ್ಟಿಸಿ. ಇಲ್ಲದಿದ್ದರೆ ರೋಟೋ ಗತಿ. ಅಂಚಿನ ಸುತ್ತ ಫ್ರೇಮ್ ಫ್ರೇಮಿಗೂ ಗೆರೆ ಕೂರಿಸಬೇಕು. 25 ಫ್ರೇಮಿನ ಲೆಕ್ಕದಲ್ಲಿ 30 ಸೆಕೆಂಡಿಗೆ 750 ಫ್ರೇಮ್.

ಜರಿಯದ್ದು ಇನ್ನೊಂದು ಕಥೆ. ಅದು ಹೊಳೆಯುವ ಲೋಹ, ಮ್ಯಾಟಿನ ಹಸಿರನ್ನೆಲ್ಲ ಎಳೆದುಕೊಳ್ಳುತ್ತದೆ. ಮುಡಿದ ಮಲ್ಲಿಗೆಯೂ ಅಷ್ಟೇ, ಬಿಳಿ ಹೋಗಿ ಹಸಿರು ಛಾಯೆ ಬರುತ್ತದೆ. ಇದನ್ನೇ ಸ್ಪಿಲ್ ಅನ್ನುವುದು. ತೆಗೆಯಲು ಡಿಸ್ಪಿಲ್ ಹಾಕುತ್ತೇವೆ. ಅದರ ಒಂದು ಸಾಮಾನ್ಯ ಲೆಕ್ಕ ಹೀಗೆ: ಹಸಿರು, ಕೆಂಪು-ನೀಲಿಗಳ ಸರಾಸರಿಯನ್ನು ದಾಟಬಾರದು. ಚಿನ್ನದ ಬಣ್ಣದಲ್ಲಿ ಕೆಂಪು 0.8, ಹಸಿರು 0.6, ನೀಲಿ 0.2 ಇದೆ ಅಂದುಕೊಳ್ಳಿ. ಸರಾಸರಿ 0.5. ಹಸಿರು ಅಲ್ಲಿಗೆ ಇಳಿಯುತ್ತದೆ, ಚಿನ್ನದ ಜರಿ ತಾಮ್ರಕ್ಕೆ ತಿರುಗುತ್ತದೆ. ನೋಡುವವರಿಗೆ ಗೊತ್ತಾಗದೇ ಇರಬಹುದು, ಅಂಗಡಿಯವರಿಗೆ ಮಾತ್ರ ಒಂದೇ ನೋಟಕ್ಕೆ ಗೊತ್ತಾಗುತ್ತದೆ. "ಇದು ನಮ್ಮ ಸೀರೆ ಅಲ್ಲ" ಅಂತಾರೆ, ಅವರು ಹೇಳುವುದೂ ಸರಿ. ಆಗ ಡಿಸ್ಪಿಲ್ ಜರಿಯನ್ನು ಮುಟ್ಟದ ಹಾಗೆ ಅದಕ್ಕೆ ಬೇರೆ ಮಾಸ್ಕ್ ಹಾಕಬೇಕು. ಇಷ್ಟೆಲ್ಲ ತಾಪತ್ರಯ ಬೇಡ ಅಂದರೆ ಹುಡುಗಿಯನ್ನು ಮ್ಯಾಟಿನಿಂದ ಎಂಟು-ಹತ್ತು ಅಡಿ ಮುಂದೆ ನಿಲ್ಲಿಸಿ. ಫ್ರೇಮಿಗೆ ಬೇಕಾದಷ್ಟು ಮ್ಯಾಟ್ ಮಾತ್ರ ಬಿಡಿ, ಉಳಿದದ್ದಕ್ಕೆ ಕಪ್ಪು ಬಟ್ಟೆ ಮುಚ್ಚಿ.

ಇನ್ನು ಬೆಳಕು. ಅರಮನೆಯ ದೀಪ ಹಳದಿ, ಹುಡುಗಿಯ ಬೆನ್ನ ಹಿಂದಿದೆ. ಹಾಗಾದರೆ ಸ್ಟುಡಿಯೋದಲ್ಲೂ ಹಿಂದಿನಿಂದ ಹಳದಿ ಲೈಟು ಬಿದ್ದು ಅವಳ ಭುಜದ ಅಂಚು ಹೊಳೆಯಬೇಕು, ಅಲ್ವಾ? ಎಷ್ಟೋ ಸಲ ಮುಂದಿನಿಂದ ಬಿಳಿ ಲೈಟು ಸುರಿದಿರುತ್ತಾರೆ. ಪ್ಲೇಟ್ ತೆಗೆಯುವಾಗ ಕ್ಯಾಮೆರಾ ಎಷ್ಟು ಎತ್ತರ, ಯಾವ ಲೆನ್ಸು ಅಂತ ಬರೆದಿಟ್ಟುಕೊಂಡು ಸ್ಟುಡಿಯೋದಲ್ಲೂ ಹಾಗೇ ಇಡಿ. ರಾತ್ರಿಯ ಆಕಾಶ ಪೂರ್ತಿ ಕಪ್ಪಿರುವುದಿಲ್ಲ. ಅವಳ ಜಡೆ ಅದಕ್ಕಿಂತ ಜಾಸ್ತಿ ಕಪ್ಪಾದರೆ ಕಣ್ಣಿಗೆ ಏನೋ ಚುಚ್ಚುತ್ತದೆ, ಏನು ಅಂತ ಹೇಳಲು ಬರುವುದಿಲ್ಲ. ಪಾದ ತೋರಿಸಿದರೆ ನೆಲದ ಮೇಲೆ ನೆರಳು ಕೂರಿಸಬೇಕು. ಬಜೆಟ್ ಕಡಿಮೆಯಿದ್ದರೆ ಸುಮ್ನೆ ಮೊಣಕಾಲಿಗೇ ಫ್ರೇಮ್ ಕಟ್ ಮಾಡಿ. ಕ್ಯಾಮೆರಾ ಓಡಾಡುವುದಾದರೆ ಅದರ ಚಲನೆಯನ್ನು ಕಂಪ್ಯೂಟರ್ ಹಿಂಬಾಲಿಸುವ ಟ್ರ್ಯಾಕಿಂಗ್‌ಗೆ ಮ್ಯಾಟಿನ ಮೇಲೆ ಟೇಪಿನ ಗುರುತು ಹಾಕಿ.

ತಿನ್ನುವ ವಸ್ತುವಿನ ವಿಷಯಕ್ಕೆ ನಾನು ಸ್ವಲ್ಪ ಹಠಮಾರಿ. ಬೆಲ್ಲದ ಜಾಹೀರಾತಿಗೆ ಪಾಕ ಸುರಿಯುವುದನ್ನು ಗ್ರಾಫಿಕ್ಸ್‌ನಲ್ಲಿ ಮಾಡಬಹುದು, ದುಡ್ಡೂ ಸಮಯವೂ ಹೋಗುತ್ತದೆ. ಆಲೆಮನೆಗೆ ಹೋಗಿ ನಿಜವಾದ ಪಾಕವನ್ನೇ ಹೈಸ್ಪೀಡ್ ಕ್ಯಾಮೆರಾದಲ್ಲಿ ತೆಗೆಯಿರಿ. ಆಮೇಲೆ ಬಣ್ಣ ಮುಟ್ಟುವಾಗ ಹುಷಾರು. ಬೆಲ್ಲದ ಬಣ್ಣ ನೋಡಿಯೇ ಗಿರಾಕಿ ಕೊಳ್ಳುವುದು. ಕಪ್ಪು ಬೆಲ್ಲ ಅಂದರೆ ಕೆಮಿಕಲ್ ಹಾಕದ್ದು ಅಂತ ಜನ ನಂಬುತ್ತಾರೆ. ತಿಳಿ ಬೆಲ್ಲವನ್ನು ಕಂಪ್ಯೂಟರಿನಲ್ಲಿ ಕಪ್ಪಗೆ ಮಾಡಿದರೆ ಅದು ಬಾಯಿಬಿಟ್ಟು ಹೇಳದ ಸುಳ್ಳು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡವಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಸೂಚನೆ ಹಾಕಿ ಪಾರಾಗುತ್ತೇವೆ ಅನ್ನುವಂತಿಲ್ಲ. 2022ರ ಮಾರ್ಗಸೂಚಿ ಪ್ರಕಾರ ಸೂಚನೆಯಿಂದ ಸುಳ್ಳನ್ನು ತಿದ್ದುವ ಹಾಗಿಲ್ಲ. ಜಾಹೀರಾತಿನ ಮಾತು ಕನ್ನಡದಲ್ಲಿದ್ದರೆ ಸೂಚನೆಯೂ ಕನ್ನಡದಲ್ಲೇ ಇರಬೇಕು. ಅದಕ್ಕೂ ಫ್ರೇಮಿನ ಕೆಳಗೆ ಓದುವಷ್ಟು ಜಾಗ ಬೇಕು, ಶಾಟ್ ಇಡುವಾಗಲೇ ಬಿಟ್ಟುಕೊಳ್ಳಿ.