ಟಾಪ್‌ಸ್ಪಿನ್ 2ಕೆ25: ಅಂಕಣದ ಒಳಗೆ, ಅಂಕಣದ ಹೊರಗೆ

ಎಲ್ಲರಿಗೂ ನಮಸ್ಕಾರ.

ಟೆನಿಸ್ ವಿಡಿಯೊ ಗೇಮ್ ಅಂದ ಕೂಡಲೇ ಹಲವರಿಗೆ ನೆನಪಾಗುವುದು ನಿಂಟೆಂಡೊ ಕಂಪನಿಯ 2006ರ ಆಟ ವೀ ಸ್ಪೋರ್ಟ್ಸ್. ರಿಮೋಟ್ ಹಿಡಿದು ಕೈ ಬೀಸಿದರೆ ಸಾಕಿತ್ತು. ಅಜ್ಜಿಯೂ ಆಡಬಹುದಿತ್ತು, ಮೊಮ್ಮಗಳೂ ಆಡಬಹುದಿತ್ತು. ಆದರೆ ಅದರಲ್ಲಿ ಚೆಂಡಿನ ಹತ್ತಿರಕ್ಕೆ ಆಟಗಾರ ತಾನಾಗಿಯೇ ಓಡುತ್ತಿದ್ದ. ಟೆನಿಸ್‌ನಲ್ಲಿ ಅರ್ಧ ಕಷ್ಟ ಇರುವುದೇ ಕಾಲಿನಲ್ಲಿ, ಅಲ್ವಾ? ಅದನ್ನು ಯಂತ್ರವೇ ಮಾಡಿಬಿಟ್ಟರೆ ನಮಗೆ ಉಳಿಯುವುದು ಕೈ ಬೀಸುವ ಮಜಾ ಮಾತ್ರ.

ಹಾಗಾಗಿ ಇವತ್ತು ಆ ಕಷ್ಟವನ್ನು ನಮ್ಮ ಕೈಗೇ ಕೊಡುವ ಒಂದು ಆಟದ ಬಗ್ಗೆ ಮಾತಾಡುತ್ತೇನೆ. ಟಾಪ್‌ಸ್ಪಿನ್ 2ಕೆ25. 2011ರಲ್ಲಿ ಟಾಪ್‌ಸ್ಪಿನ್ 4 ಬಂದ ಮೇಲೆ ಈ ಸರಣಿ 13 ವರ್ಷ ಸುಮ್ಮನಿತ್ತು. ಕೊನೆಗೆ 2024ರ ಏಪ್ರಿಲ್‌ನಲ್ಲಿ ಹ್ಯಾಂಗರ್ 13 ಸ್ಟುಡಿಯೊ ಇದನ್ನು ಹೊರತಂದಿತು.

ಅಂಕಣದ ಒಳಗೆ ಈ ಆಟ ನಿಜಕ್ಕೂ ಚೆನ್ನಾಗಿದೆ. ಬಟನ್ ಒಮ್ಮೆ ತಟ್ಟಿದರೆ ನಿಯಂತ್ರಣದ ಹೊಡೆತ. ಒತ್ತಿ ಹಿಡಿದು ಸರಿಯಾದ ಗಳಿಗೆಗೆ ಬಿಟ್ಟರೆ ಬಿರುಸಿನ ಹೊಡೆತ. ಬೇಗ ಬಿಟ್ಟಿರೋ, ತಡವಾಯಿತೋ, ಚೆಂಡು ಗೆರೆಯಾಚೆ ಹೋಗುತ್ತದೆ ಅಥವಾ ಎದುರಾಳಿಗೆ ಹದವಾಗಿ ಸಿಗುತ್ತದೆ. ಆದರೆ ಬಟನ್ ಒತ್ತಿ ಹಿಡಿಯಲು ಪುರುಸೊತ್ತು ಬೇಕಲ್ಲ? ಅದು ಸಿಗುವುದು ಮೊದಲೇ ಸರಿಯಾದ ಜಾಗಕ್ಕೆ ಹೋಗಿ ನಿಂತವರಿಗೆ ಮಾತ್ರ. ಹಾಗಾಗಿ ಹೊಸಬರು ಬಿರುಸಾಗಿ ಹೊಡೆಯಲು ಹೋಗಿ ಸೋಲುತ್ತಾರೆ. ಎರಡು ಮೂರು ಹೊಡೆತ ಸುಮ್ನೆ ವಾಪಸ್ ಕಳಿಸಿ, ಎದುರಾಳಿಯನ್ನು ಒಂದು ಮೂಲೆಗೆ ಎಳೆದು, ಆಮೇಲೆ ಇನ್ನೊಂದು ಮೂಲೆಗೆ ಬಾರಿಸುವವರು ಗೆಲ್ಲುತ್ತಾರೆ. ನಿಜವಾದ ಟೆನಿಸ್ ಕೋಚ್‌ಗಳು ಹೇಳಿಕೊಡುವುದೂ ಇದನ್ನೇ. ಇದರ ಜೊತೆಗೆ ದಮ್ಮಿನ ಲೆಕ್ಕವೂ ಇದೆ. ಪ್ರತಿ ಚೆಂಡಿಗೂ ಬಲ ಹಾಕಿದರೆ ಆಟಗಾರ ಸುಸ್ತಾಗುತ್ತಾನೆ.

ಇಲ್ಲೇ ಒಂದು ತಕರಾರೂ ಇದೆ. ಹೊಡೆಯುವ ಗಳಿಗೆ ತೋರಿಸಲು ಪರದೆ ಮೇಲೆ ಒಂದು ಮೀಟರ್ ಬರುತ್ತದೆ. ಕಲಿಯುವಾಗ ಅದು ಬೇಕು. ಆದರೆ ಕಣ್ಣು ಅದಕ್ಕೇ ಅಂಟಿಕೊಂಡರೆ ಎದುರಾಳಿ ಎಲ್ಲಿ ನಿಂತಿದ್ದಾನೆ ಅಂತ ನೋಡುವವರು ಯಾರು?

ಆಸ್ಟ್ರೇಲಿಯನ್ ಓಪನ್, ರೋಲಾಂ ಗ್ಯಾರೋಸ್ (ಅಂದರೆ ಫ್ರೆಂಚ್ ಓಪನ್), ವಿಂಬಲ್ಡನ್, ಯುಎಸ್ ಓಪನ್ ನಾಲ್ಕೂ ತಮ್ಮ ಅಸಲಿ ಹೆಸರಲ್ಲೇ ಇವೆ. ಆಟಗಾರರ ಪಟ್ಟಿ ಮಾತ್ರ ಅರೆಬರೆ. ಫೆಡರರ್, ಸೆರೆನಾ, ಗ್ರಾಫ್, ಸಾಂಪ್ರಸ್, ಅಲ್ಕರಾಜ್ ಇದ್ದಾರೆ. ಆದರೆ ಬಿಡುಗಡೆಯಾದಾಗ ಜೊಕೊವಿಚ್ ಇರಲಿಲ್ಲ, ನಡಾಲ್ ಕೂಡ ಇರಲಿಲ್ಲ. ಇಬ್ಬರೂ 2011ರ ಆಟದಲ್ಲಿ ಇದ್ದವರೇ! ನಮ್ಮ ಕೊಡಗಿನ ರೋಹನ್ ಬೋಪಣ್ಣ ಆ ವರ್ಷ ಜನವರಿಯಲ್ಲಷ್ಟೇ, 43ನೇ ವಯಸ್ಸಿನಲ್ಲಿ, ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ನಂಬರ್ ಒನ್ ಆಗಿದ್ದರು. ಅವರೂ ಇಲ್ಲ. ಡಬಲ್ಸ್ ಆಟಗಾರರನ್ನು ಇಂಥ ಗೇಮ್‌ಗಳು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಕಮ್ಮಿ ಬಿಡಿ.

ನನಗೆ ಜಾಸ್ತಿ ಸಿಟ್ಟು ಬರುವುದು ಅಂಕಣದ ಹೊರಗಿನ ವ್ಯವಹಾರದ ಮೇಲೆ. ಕೆರಿಯರ್ ಮೋಡ್‌ನಲ್ಲಿ ನಮ್ಮದೇ ಆಟಗಾರನನ್ನು ಕಟ್ಟಿ, ತರಬೇತಿ ಕೊಟ್ಟು, ಟೂರ್ನಿಗಳಿಗೆ ಕರೆದೊಯ್ಯಬಹುದು. ಗಾಯವಾದರೆ ವಿಶ್ರಾಂತಿ ಕೊಡಬೇಕು. ಇದೆಲ್ಲ ಖುಷಿ ಕೊಡುತ್ತದೆ. ಆದರೆ ಒಬ್ಬರೇ ಕೂತು ಕಂಪ್ಯೂಟರ್ ವಿರುದ್ಧ ಆಡುವ ಈ ಮೋಡ್‌ಗೂ ಇಂಟರ್‌ನೆಟ್ ಬೇಕು! ನೆಟ್ ಹೋದರೆ ನಿಮ್ಮ ಆಟಗಾರನೂ ಹೋದ. ನೆಟ್ ಮೂಲಕ ಆಟ ನಡೆಸುವ ಕಂಪನಿಯ ಕಂಪ್ಯೂಟರ್‌ಗಳನ್ನು, ಅಂದರೆ ಸರ್ವರ್‌ಗಳನ್ನು, ಮುಚ್ಚಿದರೂ ಅಷ್ಟೇ. ಈ ಆಟವನ್ನು ಪ್ರಕಟಿಸಿದ 2ಕೆ ಕಂಪನಿ ತನ್ನ ಹಳೆಯ ಬ್ಯಾಸ್ಕೆಟ್‌ಬಾಲ್ ಆಟಗಳ ಸರ್ವರ್‌ಗಳನ್ನು ಕೆಲವೇ ವರ್ಷಗಳಲ್ಲಿ ಮುಚ್ಚಿದೆ. ಹಾಗಾಗಿ ಇದು ಸುಮ್ಮನೆ ಹೆದರಿಕೆ ಅಲ್ಲ. ಇದರ ಮೇಲೆ ವಿಸಿ (ವರ್ಚುವಲ್ ಕರೆನ್ಸಿ) ಅನ್ನುವ ಆಟದೊಳಗಿನ ನಾಣ್ಯ ಬೇರೆ. ಆಡಿ ಗಳಿಸಬಹುದು, ದುಡ್ಡು ಕೊಟ್ಟೂ ಕೊಳ್ಳಬಹುದು. ಪೂರ್ತಿ ಬೆಲೆ ತೆತ್ತು ತಂದ ಆಟದೊಳಗೆ ಮತ್ತೆ ಅಂಗಡಿ ಯಾಕೆ?

ಹಾಗಾದರೆ ಕೊಳ್ಳಬೇಕಾ? ಮನೆಯಲ್ಲಿ ಜೊತೆಗೆ ಆಡುವವರಿದ್ದರೆ ಧಾರಾಳವಾಗಿ ಕೊಳ್ಳಿ, ರಿಯಾಯಿತಿ ಬಂದಾಗ. ಬರೀ ಕೆರಿಯರ್‌ಗಾಗಿ ಅಂದರೆ ಮನೆಯ ನೆಟ್ ಹೇಗಿದೆ ಅಂತ ಮೊದಲು ನೋಡಿಕೊಳ್ಳಿ. ಹಿಂದಿನ ಮೇಜಿನ ಮೇಲೆ ಎರಡು ಕಂಟ್ರೋಲರ್ ಇಟ್ಟಿದ್ದೇವೆ. ಪ್ರಶ್ನೆಗಳಿದ್ದರೆ ಆಡುತ್ತಲೇ ಕೇಳಿ.