ಬಿಚ್ಚಲೆಂದೇ ಕಟ್ಟಿದ ರಿವಾಲ್ವರ್

ಕೇಳುಗರಿಗೆ ನಮಸ್ಕಾರ.

ರಿವಾಲ್ವರನ್ನು ಸುಲಭವಾಗಿ ಬಿಚ್ಚಿ ಮತ್ತೆ ಜೋಡಿಸುವಂತೆ ರೂಪಿಸುವುದು ಹೇಗೆ ಎಂಬುದು ಇವತ್ತಿನ ವಿಷಯ. ಇದರ ಮೂಲ ಮಸಿಯಲ್ಲಿದೆ. ಹತ್ತೊಂಬತ್ತನೇ ಶತಮಾನದ ಬಹುಭಾಗ ಎಲ್ಲ ಬಂದೂಕುಗಳೂ ಕರಿಮದ್ದಿನಿಂದಲೇ ಸಿಡಿಯುತ್ತಿದ್ದವು. ಕರಿಮದ್ದು ಸುಟ್ಟಾಗ ಅದರ ಅರ್ಧಕ್ಕಿಂತ ಹೆಚ್ಚು ಪಾಲು ಅನಿಲವಾಗುವುದೇ ಇಲ್ಲ. ಸ್ವಲ್ಪ ಹೊಗೆಯಲ್ಲಿ ಹಾರಿಹೋಗುತ್ತದೆ, ಉಳಿದದ್ದು ಮಸಿಯಾಗಿ ಲೋಹಕ್ಕೆ ಮೆತ್ತಿಕೊಳ್ಳುತ್ತದೆ. ಈ ಮಸಿ ಗಾಳಿಯ ತೇವವನ್ನು ಹೀರಿಕೊಂಡು ಒಂದೇ ರಾತ್ರಿಯಲ್ಲಿ ಉಕ್ಕಿಗೆ ತುಕ್ಕು ಹಿಡಿಸಬಲ್ಲದು. ಉದ್ದನೆಯ ಬಂದೂಕಿಗಾದರೆ ನಳಿಗೆಯೊಳಗೆ ಬಿಸಿನೀರು ಸುರಿದು ತೊಳೆದರೆ ಮುಕ್ಕಾಲು ಕೆಲಸ ಮುಗಿಯಿತು. ರಿವಾಲ್ವರಿಗೆ ಅದು ಸಾಲದು. ಇಲ್ಲಿ ನಳಿಗೆ ಬೇರೆ, ಗುಂಡು ತುಂಬುವ ಸಿಲಿಂಡರ್ ಬೇರೆ. ಎರಡರ ನಡುವೆ ಕೂದಲೆಳೆಯಷ್ಟು ಸಂದು. ಪ್ರತಿ ಸಲ ಸಿಡಿದಾಗಲೂ ಆ ಸಂದಿನಿಂದ ಬಿಸಿ ಅನಿಲ ಮಸಿಯನ್ನು ಹೊತ್ತು ಪಕ್ಕಕ್ಕೆ ಚಿಮ್ಮುತ್ತದೆ, ಸಿಲಿಂಡರ್ ತಿರುಗುವ ಅಚ್ಚಿನ ಮೇಲೆ ಹೋಗಿ ಕೂರುತ್ತದೆ. ಕೆಲವು ಸುತ್ತು ಸಿಡಿಸುವಷ್ಟರಲ್ಲಿ ಸಿಲಿಂಡರ್ ಬಿಗಿಯಾಗುತ್ತದೆ, ಆಮೇಲೆ ತಿರುಗುವುದೇ ಇಲ್ಲ. ಹೀಗಾಗಿ ಸಿಲಿಂಡರನ್ನು ದಿನವೂ ಹೊರಗೆ ತೆಗೆಯಲೇಬೇಕಿತ್ತು, ಅದೂ ಸೈನಿಕನೊಬ್ಬ ಯಾವ ಉಪಕರಣವೂ ಇಲ್ಲದೆ.

ಬಿಚ್ಚಲು ಸುಲಭ ಎಂದರೆ ಬಿಡಿಭಾಗ ಕಡಿಮೆ ಎಂದು ಹಲವರು ತಿಳಿಯುತ್ತಾರೆ. ಎಣಿಕೆಗಿಂತ ಮುಖ್ಯವಾದದ್ದು ಇನ್ನೊಂದಿದೆ. ರಿವಾಲ್ವರಿನೊಳಗೆ ಎರಡು ಅಳತೆಗಳು ಕದಲಬಾರದು. ಒಂದು, ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದು, ಸಾಮಾನ್ಯವಾಗಿ 0.1ರಿಂದ 0.2 ಮಿಲಿಮೀಟರ್. ಇನ್ನೊಂದು, ಸಿಡಿಯುವ ಕ್ಷಣಕ್ಕೆ ಗುಂಡಿನ ಮನೆ, ಅಂದರೆ ಸಿಲಿಂಡರಿನಲ್ಲಿ ಗುಂಡು ಕೂರುವ ತೂತು, ನಳಿಗೆಯ ನೇರಕ್ಕೆ ಬಂದು ನಿಲ್ಲುವುದು. ದಿನವೂ ತೆಗೆದು ಹಾಕುವ ಭಾಗದ ಹೆಗಲಿಗೆ ಈ ಅಳತೆಗಳನ್ನು ಕಾಯುವ ಹೊರೆ ಹೊರಿಸಬಾರದು. ಹೊರಿಸಿದರೆ ಬಿಚ್ಚುವುದು ಎಷ್ಟೇ ಸುಲಭವಾಗಿದ್ದರೂ ಪ್ರತಿ ಸಲ ಜೋಡಿಸಿದಾಗ ರಿವಾಲ್ವರ್ ಬೇರೆಯದೇ ಆಗಿರುತ್ತದೆ.

ಅಮೆರಿಕದ ಸ್ಯಾಮ್ಯುಯೆಲ್ ಕೋಲ್ಟ್ ರೂಪಿಸಿದ 1851ರ ನೇವಿ ರಿವಾಲ್ವರನ್ನು ನೋಡಿ. ಇದರ ಮೇಲ್ಭಾಗ ತೆರೆದಿದೆ, ಸಿಲಿಂಡರಿನ ಮೇಲೆ ಹಾಯುವ ಪಟ್ಟಿಯೇ ಇಲ್ಲ. ಹಿಂಬದಿಯ ಚೌಕಟ್ಟಿನಿಂದ ದಪ್ಪನೆಯ ಅಚ್ಚೊಂದು ಮುಂದಕ್ಕೆ ಚಾಚಿದೆ. ಸಿಲಿಂಡರ್ ಅದರ ಮೇಲೆ ಕೂರುತ್ತದೆ. ಅದರ ಮುಂದೆ ನಳಿಗೆ ಅದೇ ಅಚ್ಚಿಗೆ ತೂರಿಕೊಳ್ಳುತ್ತದೆ. ನಳಿಗೆ ಮತ್ತು ಅಚ್ಚು ಎರಡರಲ್ಲೂ ಅಡ್ಡಲಾಗಿ ಕೊರೆದ ಕಿಂಡಿಯಲ್ಲಿ ಒಂದು ಚಪ್ಪಟೆ ಬೆಣೆ. ಗಾಡಿಯ ಚಕ್ರಕ್ಕೆ ಕಡಾಣಿ ಇದ್ದ ಹಾಗೆ, ಈ ಒಂದು ಬೆಣೆ ಇಡೀ ರಿವಾಲ್ವರನ್ನು ಹಿಡಿದಿಡುತ್ತದೆ.

ಬಿಚ್ಚುವ ಮೊದಲು ಗುಂಡಿನ ಮನೆಗಳೆಲ್ಲ ಖಾಲಿ ಇವೆಯೇ ಎಂದು ಕಣ್ಣಾರೆ ನೋಡಬೇಕು. ಇದು ಎಲ್ಲ ರಿವಾಲ್ವರಿಗೂ ಮೊದಲ ಹೆಜ್ಜೆ, ಇನ್ನು ಮುಂದೆ ಪ್ರತಿ ಸಲ ಹೇಳುವುದಿಲ್ಲ. ಹಿಂದಿನಿಂದ ಬಡಿದು ಗುಂಡು ಸಿಡಿಸುವ ಹ್ಯಾಮರನ್ನು ಅರ್ಧ ಎಳೆದು ನಿಲ್ಲಿಸಬೇಕು. ಬೆಣೆಯ ಮೇಲಿರುವ ಸಣ್ಣ ಸ್ಪ್ರಿಂಗಿನ ತುಟಿ ಬಲಮಗ್ಗುಲಲ್ಲಿ ಹೊರಗೆ ಇಣುಕುತ್ತಿರುತ್ತದೆ. ಅದನ್ನು ಒತ್ತಿ, ಬೆಣೆಯನ್ನು ಮರದ ತುಂಡಿನಿಂದ ಎಡಕ್ಕೆ ತಟ್ಟಬೇಕು. ಎಡಗಡೆ ಇರುವ ಸ್ಕ್ರೂ ಬೆಣೆ ಪೂರ್ತಿ ಕಳಚಿ ಬೀಳದಂತೆ ತಡೆಯುತ್ತದೆ, ಹಾಗಾಗಿ ಕತ್ತಲಲ್ಲೂ ಬೆಣೆ ಕಳೆದುಹೋಗುವುದಿಲ್ಲ. ಆಮೇಲಿನ ಹೆಜ್ಜೆ ನನ್ನ ಮಟ್ಟಿಗೆ ಬಹಳ ಜಾಣತನದ್ದು. ಮಸಿ ಕಚ್ಚಿಕೊಂಡಿರುವ ನಳಿಗೆ ಕೈಯಿಂದ ಎಳೆದರೆ ಬರುವುದಿಲ್ಲ. ಸಿಲಿಂಡರನ್ನು ತಿರುಗಿಸಿ, ಎರಡು ಮನೆಗಳ ನಡುವಿನ ಗೋಡೆ ನಳಿಗೆಯ ಕೆಳಗಿರುವ, ಗುಂಡು ಒತ್ತುವ ಸನ್ನೆಗೋಲಿನ ನೇರಕ್ಕೆ ಬರುವಂತೆ ನಿಲ್ಲಿಸಿ, ಸನ್ನೆಯನ್ನು ಕೆಳಕ್ಕೆ ಎಳೆದರೆ ಅದು ಗೋಡೆಗೆ ಊರಿಕೊಂಡು ನಳಿಗೆಯನ್ನು ತಾನೇ ಮುಂದಕ್ಕೆ ತಳ್ಳುತ್ತದೆ. ಗುಂಡು ತುಂಬಲು ಇಟ್ಟ ಸನ್ನೆಯೇ ಬಿಚ್ಚುವ ಉಪಕರಣವೂ ಆಯಿತು.

ಆದರೆ ಬೆಣೆಯ ಸ್ವಭಾವ ಎಂದರೆ ಒಳಕ್ಕೆ ಹೊಡೆದಷ್ಟೂ ಬಿಗಿಯಾಗುವುದು. ಅಚ್ಚಿನ ತುದಿ ನಳಿಗೆಯೊಳಗಿನ ಗುಳಿಯ ತಳಕ್ಕೆ ಮುಟ್ಟುವಂತೆ ಮಾಡಿದ್ದರೆ ತೊಂದರೆಯಿಲ್ಲ. ಬೆಣೆ ಎಷ್ಟೇ ಬಿಗಿಯಾದರೂ ನಳಿಗೆ ಆ ತಳದಾಚೆ ಹಿಂದೆ ಸರಿಯಲಾರದು, ಸಂದು ಅಷ್ಟೇ ಇರುತ್ತದೆ. ಮೂಲ ಕೋಲ್ಟುಗಳನ್ನು ಹಾಗೆಯೇ ಹೊಂದಿಸಿದ್ದರು. ಈಚೆಗೆ ತಯಾರಾದ ಅನುಕರಣೆಗಳಲ್ಲಿ ಹಲವಕ್ಕೆ ಅಚ್ಚು ಗಿಡ್ಡ, ತುದಿ ತಳ ಮುಟ್ಟುವುದಿಲ್ಲ. ಆಗ ಬೆಣೆಯನ್ನು ಒಂದು ಪೆಟ್ಟು ಹೆಚ್ಚು ಹೊಡೆದರೆ ನಳಿಗೆ ಸಿಲಿಂಡರಿಗೆ ಉಜ್ಜಿ ಸಿಕ್ಕಿಕೊಳ್ಳುತ್ತದೆ. ಒಂದು ಪೆಟ್ಟು ಕಡಿಮೆಯಾದರೆ ಸಂದು ಅಗಲವಾಗಿ ಅನಿಲ ಸೋರುತ್ತದೆ, ಪ್ರತಿ ಸಿಡಿತಕ್ಕೂ ನಳಿಗೆ ಮುಂದಕ್ಕೆ ಕುಕ್ಕಿ ಬೆಣೆಯ ಅಂಚು ನುಗ್ಗಾಗುತ್ತದೆ. ಗಿಡ್ಡ ಅಚ್ಚಿನ ರಿವಾಲ್ವರಿಗೆ ಪರಿಹಾರ ಗುಳಿಯ ತಳಕ್ಕೆ ಸರಿಯಾದ ದಪ್ಪದ ಉಕ್ಕಿನ ಬಿಲ್ಲೆ ಇಡುವುದು. ಬೆಣೆಯನ್ನು ಅರದಿಂದ ಉಜ್ಜುವುದಲ್ಲ.

ಇದೇ ಕಾಲದ ರೆಮಿಂಗ್ಟನ್ ಕಂಪನಿ ಬೇರೆ ದಾರಿ ಹಿಡಿಯಿತು. ಫೋರ್ಡೈಸ್ ಬೀಲ್ಸ್ ಅವರ 1858ರ ಪೇಟೆಂಟನ್ನು ಆಧರಿಸಿದ ಈ ರಿವಾಲ್ವರಿನಲ್ಲಿ ಚೌಕಟ್ಟು ಸಿಲಿಂಡರನ್ನು ಸುತ್ತಲೂ ಬಳಸುತ್ತದೆ, ಬಾಗಿಲ ಚೌಕಟ್ಟಿನ ಹಾಗೆ. ನಳಿಗೆಯನ್ನು ಚೌಕಟ್ಟಿಗೆ ತಿರುಚಿ ಬಿಗಿದಿರುತ್ತಾರೆ, ಬಳಸುವವನು ಅದನ್ನು ತೆಗೆಯುವ ಪ್ರಶ್ನೆಯೇ ಇಲ್ಲ. ಸಂದಿನ ಅಳತೆ ಕಾರ್ಖಾನೆಯಲ್ಲೇ ಗೊತ್ತಾಗಿಬಿಟ್ಟಿತು. ಹೊರಗೆ ಬರುವುದು ಸಿಲಿಂಡರ್ ಮತ್ತು ಅದರ ಅಚ್ಚು ಮಾತ್ರ. ಹ್ಯಾಮರ್ ಅರ್ಧಕ್ಕೆ ನಿಲ್ಲಿಸಿ, ಸನ್ನೆಯನ್ನು ಕೆಳಗಿಳಿಸಿ, ಅಚ್ಚನ್ನು ಬೆರಳಲ್ಲಿ ಮುಂದಕ್ಕೆ ಎಳೆದು, ಸಿಲಿಂಡರನ್ನು ಬಲಕ್ಕೆ ಉರುಳಿಸಿದರೆ ಮುಗಿಯಿತು. ಜೋಡಿಸುವಾಗ ಅಳತೆ ನೋಡುವ ಕೆಲಸವೇ ಇಲ್ಲ. ಇದಕ್ಕೂ ಒಂದು ಕೊರತೆ ಇದೆ. ಅಚ್ಚು ತೆಳು, ಕೋಲ್ಟಿನ ದಪ್ಪ ಅಚ್ಚಿನ ಮೇಲೆ ಇರುವ ಜಿಡ್ಡು ಹಿಡಿಯುವ ಗೀರುಗಳು ಇದಕ್ಕಿಲ್ಲ, ಮಸಿ ಬೇಗ ಕಚ್ಚುತ್ತದೆ.

ಸುಲಭ ಅತಿಯಾದರೆ ಏನಾಗುತ್ತದೆ ಎಂಬುದಕ್ಕೂ ರೆಮಿಂಗ್ಟನ್ನೇ ಉದಾಹರಣೆ. 1861ರ ಎಲಿಯಟ್ ಪೇಟೆಂಟಿನ ಮಾದರಿಯಲ್ಲಿ ಸನ್ನೆಯ ಮೇಲ್ಮೈಗೆ ಒಂದು ಕಾಲುವೆ ತೋಡಿ, ಸನ್ನೆ ಇಳಿಸದೆಯೇ ಅಚ್ಚು ಎಳೆದುಕೊಳ್ಳುವ ಹಾಗೆ ಮಾಡಿದರು. ಉಳಿದದ್ದು ಒಂದೇ ಹೆಜ್ಜೆ. ಆದರೆ ಅಲ್ಲಿಯವರೆಗೆ ಅಚ್ಚಿಗೆ ಕಾವಲು ನಿಂತಿದ್ದದ್ದು ಆ ಸನ್ನೆಯೇ. ಸಿಡಿಸುವಾಗಿನ ಕುಲುಕಿಗೆ ಅಚ್ಚು ತಾನಾಗಿ ಮುಂದೆ ಜಾರಿ ಸಿಲಿಂಡರ್ ಸಿಕ್ಕಿಕೊಳ್ಳತೊಡಗಿತು. ಕೊನೆಗೆ ಆ ಕಾಲುವೆಗೆ ಸಣ್ಣ ಸ್ಕ್ರೂ ಹಾಕಿ ಮುಚ್ಚಬೇಕಾಯಿತು, ಮುಂದಿನ ಮಾದರಿಯಲ್ಲಿ ಸನ್ನೆ ಇಳಿಸುವ ಹಳೆಯ ಪದ್ಧತಿಯೇ ವಾಪಸು ಬಂತು.

ಇಲ್ಲಿಯವರೆಗೆ ಹೇಳಿದ್ದು ಸಿಲಿಂಡರ್ ತೆಗೆಯುವ ಮಾತು. ಒಳಗಿನ ಯಂತ್ರವನ್ನು, ಅಂದರೆ ಹ್ಯಾಮರ್, ಟ್ರಿಗರ್ ಮತ್ತು ಅವುಗಳ ಸ್ಪ್ರಿಂಗುಗಳನ್ನು ತಲುಪುವುದು ಇನ್ನೂ ಕಷ್ಟದ ಕೆಲಸ. ಯುರೋಪಿನ ಸೈನ್ಯಗಳು ಇದಕ್ಕೆ ಕಂಡುಕೊಂಡ ಉಪಾಯ ಪಕ್ಕದ ಮುಚ್ಚಳ. 1895ರ ನಾಗಾಂ ರಿವಾಲ್ವರಿನಲ್ಲಿ ಒಂದೇ ಸ್ಕ್ರೂ ತೆಗೆದರೆ ಎಡಗಡೆಯ ಮುಚ್ಚಳ ಕೈಗೆ ಬರುತ್ತದೆ. ಫ್ರಾನ್ಸಿನ 1892ರ ಮಾದರಿಯಲ್ಲಂತೂ ಮುಚ್ಚಳಕ್ಕೆ ಮುಂದುಗಡೆ ಕೀಲು ಹಾಕಿದ್ದಾರೆ, ಸ್ಕ್ರೂ ಸಡಿಲಿಸಿದರೆ ಕಪಾಟಿನ ಬಾಗಿಲು ತೆರೆದಂತೆ ತೆರೆದುಕೊಳ್ಳುತ್ತದೆ. ಯಂತ್ರವೆಲ್ಲ ತನ್ನ ತನ್ನ ಜಾಗದಲ್ಲೇ ಕೂತು ಕಣ್ಣಿಗೆ ಬೀಳುತ್ತದೆ. ಎಣ್ಣೆ ಬಿಟ್ಟು, ಒರೆಸಿ, ಬಾಗಿಲು ಹಾಕಿದರಾಯಿತು. ಯಾವ ಭಾಗವನ್ನೂ ಕದಲಿಸದೆ ನೋಡಲು ಬಿಡುವ ಈ ಏರ್ಪಾಡನ್ನು ಆಮೇಲಿನವರು ಕೈಬಿಟ್ಟದ್ದು ನನಗೆ ಇಂದಿಗೂ ಬೇಸರದ ಸಂಗತಿ.

ಸ್ಮಿತ್ ಅಂಡ್ ವೆಸ್ಸನ್ ರಿವಾಲ್ವರುಗಳ ಮುಚ್ಚಳ ಬಲಗಡೆ. ಹಳೆಯವುಗಳಲ್ಲಿ ಅದಕ್ಕೆ ನಾಲ್ಕು ಸ್ಕ್ರೂ, ಈಚಿನವುಗಳಲ್ಲಿ ಮೂರು. ನೋಡಲು ಸರಳ, ಹಾಳುಮಾಡುವುದು ಅದಕ್ಕಿಂತ ಸರಳ. ಮೊದಲು ಸ್ಕ್ರೂಡ್ರೈವರ್. ಸಾಮಾನ್ಯ ಸ್ಕ್ರೂಡ್ರೈವರಿನ ಬಾಯಿ ಬೆಣೆಯಾಕಾರದ್ದು, ಸ್ಕ್ರೂವಿನ ಗೀರಿನಲ್ಲಿ ತಳ ಮುಟ್ಟದೆ ಮೇಲಂಚಿಗಷ್ಟೇ ಕಚ್ಚುತ್ತದೆ, ತಿರುಗಿಸಿದ ಕೂಡಲೇ ಜಾರಿ ಗೀರನ್ನು ಹರಿದುಹಾಕುತ್ತದೆ. ಎರಡೂ ಮುಖ ಸಮಾನಾಂತರವಾಗಿ ಅರೆದ, ಗೀರಿನ ಅಗಲಕ್ಕೂ ಉದ್ದಕ್ಕೂ ಸರಿಹೊಂದುವ ಬಾಯಿಯೇ ಬೇಕು. ಎರಡನೆಯದು, ಸ್ಕ್ರೂಗಳನ್ನು ತೆಗೆದ ಕ್ರಮದಲ್ಲೇ ಇಟ್ಟುಕೊಳ್ಳಿ. ಮುಂದಿನ ಸ್ಕ್ರೂ ಮುಚ್ಚಳವನ್ನು ಹಿಡಿಯುವುದರ ಜೊತೆಗೆ ಸಿಲಿಂಡರನ್ನು ಹೊತ್ತ ತೋಳನ್ನೂ ಹಿಡಿದಿರುತ್ತದೆ. ಅದರ ತುದಿಯನ್ನು ಆ ತೋಳಿಗೆಂದೇ ಹೊಂದಿಸಿರುತ್ತಾರೆ. ಅದಲುಬದಲಾದರೆ ತೋಳು ಬಿಗಿಯುತ್ತದೆ ಅಥವಾ ಸಡಿಲವಾಗಿ ಅಲ್ಲಾಡುತ್ತದೆ.

ಮೂರನೆಯ ತಪ್ಪು ಎಲ್ಲಕ್ಕಿಂತ ದುಬಾರಿ. ಸ್ಕ್ರೂ ತೆಗೆದರೂ ಮುಚ್ಚಳ ಬರುವುದಿಲ್ಲ, ಅಷ್ಟು ನಯವಾಗಿ ಕೂತಿರುತ್ತದೆ. ಅಂಚಿಗೆ ಏನಾದರೂ ತುರುಕಿ ಮೀಟಿದರೆ ಕೆಲಸ ಕೆಟ್ಟಿತು. ಮುಚ್ಚಳದ ಮೇಲಂಚಿನಲ್ಲಿ ಒಂದು ತುಟಿ ಚೌಕಟ್ಟಿನೊಳಗೆ ಸೇರಿಕೊಂಡಿದೆ, ಮೀಟಿದಾಗ ಅದು ಬಾಗುತ್ತದೆ, ಮತ್ತೆಂದೂ ಮೊದಲಿನಂತೆ ಕೂರುವುದಿಲ್ಲ. ಸರಿಯಾದ ರೀತಿ ಹೀಗೆ: ಹಿಡಿಯ ಮರದ ಹೊದಿಕೆ ತೆಗೆದು, ಮುಚ್ಚಳ ಮೇಲೆ ಬರುವಂತೆ ರಿವಾಲ್ವರನ್ನು ಕೈಯಲ್ಲಿ ಹಿಡಿದು, ಬರಿದಾದ ಹಿಡಿಯ ಚೌಕಟ್ಟಿಗೆ ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಟಕಟಕನೆ ಬಡಿಯಿರಿ. ಕಂಪನಕ್ಕೆ ಮುಚ್ಚಳ ತಾನಾಗಿ ಮೇಲೇಳುತ್ತದೆ. ಏಳುವಾಗ ಒಳಗಿನಿಂದ ಉದ್ದನೆಯ ತೆಳು ಪಟ್ಟಿಯೊಂದು ಜಾರಿ ಬೀಳುತ್ತದೆ, ಗಾಬರಿ ಬೇಡ, ಕಳೆಯಲೂ ಬೇಡ. ರಿವಾಲ್ವರ್ ಕೈತಪ್ಪಿ ಬಿದ್ದರೆ ಹ್ಯಾಮರ್ ಗುಂಡಿಗೆ ತಾಗದಂತೆ ತಡೆಯುವುದು ಅದೇ ಪಟ್ಟಿ. ಅದಿಲ್ಲದೆ ಜೋಡಿಸಿದರೂ ರಿವಾಲ್ವರ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಈ ವಿನ್ಯಾಸದಲ್ಲಿ ನನಗೆ ಒಪ್ಪಿಗೆಯಾಗದ ಅಂಶ ಇದೊಂದೇ. ಸುರಕ್ಷತೆಯ ಭಾಗ ಬಿಟ್ಟುಹೋದರೆ ಯಂತ್ರ ಮುಂದೆ ಸಾಗಬಾರದಿತ್ತು.

ಇದೇ ರಿವಾಲ್ವರಿನಲ್ಲಿ ಖಾಲಿ ತೋಟಾಗಳನ್ನು ಹೊರದೂಡುವ ಕಡ್ಡಿಯದ್ದೂ ಒಂದು ಪಾಠವಿದೆ. ಹಿಂದೆ ಅದಕ್ಕೆ ಬಲ ಮರೆ ಇತ್ತು, ಅಂದರೆ ಬಲಕ್ಕೆ ತಿರುಗಿಸಿದರೆ ಬಿಗಿಯುವ ಸ್ಕ್ರೂ ಸುರುಳಿ. ಸಿಡಿಸುತ್ತ ಹೋದ ಹಾಗೆ ಕಡ್ಡಿ ಸಡಿಲಗೊಂಡು ಉದ್ದವಾಗುತ್ತಿತ್ತು, ತುದಿ ಮುಂದಿನ ಕೊಂಡಿಗೆ ಒತ್ತಿಕೊಂಡು ಸಿಲಿಂಡರ್ ತೆರೆಯದಂತಾಗುತ್ತಿತ್ತು. 1960ರ ಸುಮಾರಿಗೆ ಅದನ್ನು ಎಡ ಮರೆಗೆ ಬದಲಿಸಿದರು. ಕೈಯಲ್ಲಿರುವುದು ಯಾವ ಕಾಲದ್ದೆಂದು ತಿಳಿಯದೆ ಬಲವಂತ ಮಾಡಿದರೆ ಬಿಚ್ಚುವ ಬದಲು ಇನ್ನಷ್ಟು ಬಿಗಿದಂತೆ. ಕಡ್ಡಿ ತಿರುಗಿಸುವ ಮುನ್ನ ಗುಂಡಿನ ಮನೆಗಳಿಗೆ ಖಾಲಿ ತೋಟಾಗಳನ್ನು ತುಂಬಿಕೊಳ್ಳಿ. ತಿರುಚುವ ಒತ್ತಡವನ್ನು ಅವು ಹೊರುತ್ತವೆ. ಇಲ್ಲವಾದರೆ ತೋಟಾಗಳನ್ನು ಹೊರಕ್ಕೆ ಎತ್ತುವ ನಕ್ಷತ್ರದಾಕಾರದ ತಟ್ಟೆಯನ್ನು ನೇರವಾಗಿ ನಿಲ್ಲಿಸುವ ಪುಟ್ಟ ಪಿನ್ನುಗಳು ಕತ್ತರಿಸಿಹೋಗುತ್ತವೆ.

ಪಕ್ಕದ ಮುಚ್ಚಳವನ್ನೇ ತೆಗೆದುಹಾಕಿ ಹೊಸದಾಗಿ ಯೋಚಿಸಿದ್ದು ರೂಗರ್ ಕಂಪನಿ. 1972ರ ಸೆಕ್ಯುರಿಟಿ ಸಿಕ್ಸ್, ಅದರ ನಂತರ 1985ರ ಜಿಪಿ 100. ಎರಡು ಕಡೆಯ ಗೋಡೆಯೂ ಗಟ್ಟಿ. ಯಂತ್ರ ಪಕ್ಕದಿಂದ ಬರುವುದಿಲ್ಲ, ಕೆಳಗಿನಿಂದ ಇಡಿಯಾಗಿ ಇಳಿಯುತ್ತದೆ. ಜಿಪಿ 100ರಲ್ಲಿ ಹಿಡಿಯ ಸ್ಕ್ರೂ ತೆಗೆದು ಹೊದಿಕೆ ಕಳಚಿ. ಹ್ಯಾಮರನ್ನು ಪೂರ್ತಿ ಎಳೆಯಿರಿ. ಆಗ ಹ್ಯಾಮರಿನ ಸ್ಪ್ರಿಂಗಿನೊಳಗೆ ಹಾಯುವ ಕಡ್ಡಿಯ ಕೆಳತುದಿಯಲ್ಲಿ ಒಂದು ರಂಧ್ರ ಕಾಣುತ್ತದೆ. ಅದಕ್ಕೆ ಸಣ್ಣ ಪಿನ್ ಹಾಕಿ, ಹೆಬ್ಬೆರಳಲ್ಲಿ ತಡೆಯುತ್ತ ಹ್ಯಾಮರನ್ನು ಇಳಿಸಿ. ಸ್ಪ್ರಿಂಗು ಒತ್ತಿದ ಸ್ಥಿತಿಯಲ್ಲೇ ಪಿನ್ನಿಗೆ ಸೆರೆಯಾಯಿತು, ಎಲ್ಲಿಗೂ ಹಾರುವುದಿಲ್ಲ. ಅದನ್ನು ಇಡಿಯಾಗಿ ಎತ್ತಿಕೊಳ್ಳಿ. ಹ್ಯಾಮರಿನ ಅಡ್ಡ ಪಿನ್ ತೆಗೆದು, ಟ್ರಿಗರ್ ಒತ್ತಿಕೊಂಡು ಹ್ಯಾಮರನ್ನು ಮೇಲಕ್ಕೆ ಎತ್ತಿ. ಟ್ರಿಗರ್ ಕಾವಲಿನ ಹಿಂಭಾಗದ ಮೊಳೆಯನ್ನು ಚೌಕಟ್ಟಿನೊಳಗಿನಿಂದ ಒತ್ತಿದರೆ ಕಾವಲು, ಟ್ರಿಗರ್, ಸಿಲಿಂಡರ್ ತಿರುಗಿಸುವ ಬೆರಳು ಎಲ್ಲವೂ ಒಂದೇ ಗುಂಪಾಗಿ ಕೆಳಗೆ ಇಳಿಯುತ್ತವೆ. ಆಮೇಲೆ ಸಿಲಿಂಡರ್ ತನ್ನ ತೋಳಿನ ಸಮೇತ ಮುಂದಕ್ಕೆ ಜಾರಿ ಬರುತ್ತದೆ. ಪ್ರತಿಯೊಂದು ಭಾಗವೂ ಮುಂದಿನದಕ್ಕೆ ಬೀಗ. ಕ್ರಮ ತಪ್ಪಿಸಿ ಬಿಚ್ಚಲು ಹೋದರೆ ಯಂತ್ರವೇ ಬಿಡುವುದಿಲ್ಲ. ಇಷ್ಟೆಲ್ಲ ಬಿಚ್ಚಿದರೂ ನಳಿಗೆ ಕದಲಿಲ್ಲ, ಚೌಕಟ್ಟು ತೆರೆದಿಲ್ಲ. ಜೋಡಿಸುವಾಗ ಎಡವುವುದು ಒಂದೇ ಕಡೆ: ಟ್ರಿಗರ್ ಗುಂಪನ್ನು ಮೇಲೇರಿಸುವಾಗ ತಿರುಗಿಸುವ ಬೆರಳು ತನ್ನ ಸೀಳಿಗೆ ನೇರವಾಗಿ ಸೇರಬೇಕು. ಸೇರದೆ ಅಡ್ಡ ನಿಂತರೆ ಕಾವಲು ಕೂರುವುದಿಲ್ಲ. ಬಡಿದು ಕೂರಿಸಬೇಡಿ, ಟ್ರಿಗರನ್ನು ತುಸು ಒತ್ತಿ ಬೆರಳನ್ನು ನೇರ ಮಾಡಿ.

ಹಾಗಾದರೆ ನಳಿಗೆಯನ್ನು ಬಳಸುವವನೇ ತೆಗೆಯುವಂತಿರಬಾರದೇ? ಡಾನ್ ವೆಸ್ಸನ್ ರಿವಾಲ್ವರುಗಳು ಅದನ್ನೂ ಮಾಡಿ ತೋರಿಸಿದವು. ನಳಿಗೆ ತೆಳು ಕೊಳವೆ, ಅದರ ಸುತ್ತ ಬೇರೆ ಕವಚ, ಬಾಯಿಯ ಹತ್ತಿರ ಒಂದು ನಟ್ಟು. ಅಳತೆ ಕಾಯುವ ಹೊಣೆ ಮತ್ತೆ ಬಳಸುವವನ ಕೈಗೇ ಬಂತು, ಆದರೆ ಅಂದಾಜಿಗೆ ಬಿಡಲಿಲ್ಲ. 0.006 ಇಂಚು ದಪ್ಪದ ಉಕ್ಕಿನ ತಗಡನ್ನು ಜೊತೆಗೇ ಕೊಟ್ಟರು. ಅದನ್ನು ಸಿಲಿಂಡರಿಗೂ ನಳಿಗೆಗೂ ನಡುವೆ ಇಟ್ಟು, ತಗಡು ತುಸು ಹಿಡಿದಂತೆ ಜಾರುವವರೆಗೆ ನಳಿಗೆಯನ್ನು ತಿರುಗಿಸಿ, ಕವಚ ಹಾಕಿ ನಟ್ಟು ಬಿಗಿಯಬೇಕು. ಬಿಗಿದ ಮೇಲೆ ಇನ್ನೊಮ್ಮೆ ತಗಡು ಇಟ್ಟು ನೋಡಲೇಬೇಕು, ನಟ್ಟು ಎಳೆದಾಗ ನಳಿಗೆ ಮುಂದೆ ಬಂದು ಸಂದು ಬದಲಾಗಿರುತ್ತದೆ.

ಯಾವ ಮಾದರಿಯೇ ಇರಲಿ, ಬಿಚ್ಚುವ ಮೊದಲೇ ಮಾಡಿಕೊಳ್ಳಬೇಕಾದ ಒಂದು ಕೆಲಸವಿದೆ, ಬಾನುಲಿಯಲ್ಲಿ ಹೇಳಲು ತಕ್ಕದ್ದು, ಏಕೆಂದರೆ ಅದು ಕಿವಿಯ ಕೆಲಸ. ಉದಾಹರಣೆಗೆ, 1873ರ ಕೋಲ್ಟ್ ಸಿಂಗಲ್ ಆಕ್ಷನ್ ರಿವಾಲ್ವರ್ ಖಾಲಿ ಇರುವಾಗ ಹ್ಯಾಮರನ್ನು ನಿಧಾನವಾಗಿ ಎಳೆದರೆ ನಾಲ್ಕು ಸದ್ದು ಕೇಳುತ್ತವೆ. ಮೊದಲನೆಯದು ಸುರಕ್ಷತೆಯ ಕಚ್ಚು, ಎರಡನೆಯದು ಅರ್ಧ ನಿಲುಗಡೆ, ಮೂರನೆಯದು ಸಿಲಿಂಡರನ್ನು ಹಿಡಿದು ನಿಲ್ಲಿಸುವ ತಡೆಕೊಕ್ಕೆ ಬೀಳುವುದು, ನಾಲ್ಕನೆಯದು ಹ್ಯಾಮರ್ ಪೂರ್ತಿ ನಿಲ್ಲುವುದು. ಸರಿಯಾಗಿ ಹೊಂದಿದ ರಿವಾಲ್ವರಿನಲ್ಲಿ ಕೊನೆಯ ಎರಡು ಸದ್ದು ಬಹುತೇಕ ಅಂಟಿಕೊಂಡೇ ಬರುತ್ತವೆ. ಬಿಚ್ಚುವ ಮೊದಲು ಈ ಕ್ರಮವನ್ನು ಕೇಳಿಟ್ಟುಕೊಳ್ಳಿ, ಜೋಡಿಸಿದ ಮೇಲೆ ಮತ್ತೆ ಕೇಳಿ. ಮೂರನೆಯ ಸದ್ದು ಬರದೇ ಇದ್ದರೆ ತಡೆಕೊಕ್ಕೆಯನ್ನು ಒತ್ತುವ ಚಪ್ಪಟೆ ಸ್ಪ್ರಿಂಗಿನ ಕಾಲು ಮುರಿದಿರಬಹುದು, ಈ ಮಾದರಿಯಲ್ಲಿ ಮೊದಲು ಮುರಿಯುವವುಗಳಲ್ಲಿ ಅದೊಂದು. ಮೂರನೆಯದು ತೀರಾ ಬೇಗ ಬಂದರೆ ತಡೆಕೊಕ್ಕೆ ಸಿಲಿಂಡರಿನ ಮೈಮೇಲೆ ಸುತ್ತ ಗೀರು ಎಳೆಯುತ್ತದೆ. ನಾಲ್ಕನೆಯದು ಮೂರನೆಯದಕ್ಕಿಂತ ಮೊದಲು ಬಂದರೆ ಸಿಲಿಂಡರ್ ನೇರಕ್ಕೆ ನಿಲ್ಲುವ ಮುಂಚೆಯೇ ಹ್ಯಾಮರ್ ಸಿದ್ಧವಾಗಿದೆ ಎಂದರ್ಥ. ಅಂಥ ರಿವಾಲ್ವರಿಗೆ ಗುಂಡು ತುಂಬದೆ ಮತ್ತೆ ಬಿಚ್ಚಿ, ತಡೆಕೊಕ್ಕೆಯ ಬಾಲ ಹ್ಯಾಮರಿನ ಉಬ್ಬಿನ ಮೇಲೆ ಸರಿಯಾಗಿ ಕೂತಿದೆಯೇ ಎಂದು ನೋಡಿ.

ನಮಸ್ಕಾರ.